ಫೆಬ್ರವರಿಯ ಮುನ್ನೂರು ರೂಪಾಯಿ ಯಾವ ಪದರದಲ್ಲಿ ಕೂರಬೇಕು?

ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇರುವವರು ವೃತ್ತಿ ತೆರಿಗೆ ಕಟ್ಟುತ್ತಾರೆ. ಸ್ಯಾಲರಿ ಸ್ಲಿಪ್‌ನಲ್ಲಿ ‘ಪಿಟಿ’ ಅಂತ ಕಾಣುವ 200 ರೂಪಾಯಿ ಅದೇ. 2025ರ ಏಪ್ರಿಲ್ 1ರಿಂದ ಇದರಲ್ಲಿ ಒಂದು ಚಿಕ್ಕ ಬದಲಾವಣೆ ಆಯಿತು. ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300. ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಆಗುತ್ತಿತ್ತು. ಉಳಿದ ನೂರು ಫೆಬ್ರವರಿಗೆ ಸೇರಿಕೊಂಡಿತು.

ನೌಕರರಿಗೆ ಇದು ನೂರು ರೂಪಾಯಿ ವಿಷಯ. ಪೇರೋಲ್ ಸಾಫ್ಟ್‌ವೇರ್ ನಡೆಸುವವರಿಗೆ ಮಾತ್ರ ಇದು ದೊಡ್ಡ ಪ್ರಶ್ನೆ. ಒಂದು ಸಾಫ್ಟ್‌ವೇರ್‌ನಲ್ಲಿ ಪಿಟಿ ಟೇಬಲ್‌ಗೆ ಮೂರು ಕಾಲಂ ಇದೆ ಅಂದುಕೊಳ್ಳಿ: ರಾಜ್ಯ, ಸಂಬಳದ ಸ್ಲ್ಯಾಬ್, ತಿಂಗಳ ಮೊತ್ತ. 200 ಇದ್ದದ್ದು 208 ಆಗಿದ್ದರೆ ಎಚ್‌ಆರ್ ವಿಭಾಗದವರೇ ಆ ಟೇಬಲ್ ತೆಗೆದು ನಂಬರ್ ಬದಲಿಸುತ್ತಿದ್ದರು, ಐದು ನಿಮಿಷದ ಕೆಲಸ. ಆದರೆ ‘ಫೆಬ್ರವರಿಯಲ್ಲಿ ಮಾತ್ರ’ ಅನ್ನುವುದನ್ನು ಬರೆಯಲು ಆ ಟೇಬಲ್‌ನಲ್ಲಿ ಜಾಗವೇ ಇಲ್ಲ. ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತಿಂಗಳ ಕಾಲಂ ಮೊದಲಿನಿಂದಲೂ ಇದೆ. ಯಾಕೆಂದರೆ ಮಹಾರಾಷ್ಟ್ರದಲ್ಲಿ ಫೆಬ್ರವರಿಗೆ 300 ಅನ್ನುವ ಪದ್ಧತಿ ಹಳೆಯದು, ಅಲ್ಲಿನ ಗ್ರಾಹಕರಿಗಾಗಿ ಅದನ್ನು ಮಾಡಿಟ್ಟಿದ್ದರು. ಎರಡನೆಯವರು ಒಂದು ಸಾಲು ಡೇಟಾ ಸೇರಿಸಿ ಮುಂದಕ್ಕೆ ಹೋದರು. ಮೊದಲನೆಯವರ ಎದುರು ಎರಡು ದಾರಿ. ಟೇಬಲ್‌ಗೇ ಹೊಸ ಕಾಲಂ ಸೇರಿಸಬೇಕು. ಇಲ್ಲವೇ ಲೆಕ್ಕದ ಪ್ರೋಗ್ರಾಂ ಒಳಗೆ ‘ರಾಜ್ಯ ಕರ್ನಾಟಕ, ತಿಂಗಳು ಫೆಬ್ರವರಿ ಆಗಿದ್ದರೆ ನೂರು ಸೇರಿಸು’ ಅಂತ ಒಂದು ಸಾಲು ಬರೆಯಬೇಕು. ಸಂಬಳ ಹಾಕುವ ದಿನ ಹತ್ತಿರ ಬಂದಾಗ ಯಾವ ದಾರಿ ಹಿಡಿಯುತ್ತಾರೆ ಅಂತ ಈ ಕೆಲಸ ಬಲ್ಲವರಿಗೆ ಗೊತ್ತು.

ಒಂದು ನಿಯಮ ಸಾಫ್ಟ್‌ವೇರ್‌ನ ಯಾವ ಪದರದಲ್ಲಿ ಕೂರಬೇಕು? ಇದು ತಾಂತ್ರಿಕ ಪ್ರಶ್ನೆಯಂತೆ ಕೇಳಿಸುತ್ತದೆ. ನನ್ನ ಪ್ರಕಾರ ಇದು ಮೊದಲು ಜವಾಬ್ದಾರಿಯ ಪ್ರಶ್ನೆ. ಆ ನಿಯಮವನ್ನು ಬದಲಿಸುವ ಹಕ್ಕು ಯಾರದು, ಬದಲಾದಾಗ ಓಡಿ ಬರಬೇಕಾದವರು ಯಾರು ಅನ್ನುವುದು ಅದರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಇದನ್ನು ಈಗಲೇ ಕೇಳಿಕೊಳ್ಳಬೇಕಾದ ಕಾರಣಗಳಿವೆ. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಇಂಥ ಸಾಫ್ಟ್‌ವೇರ್ ಕಟ್ಟುವವರೂ ಇಲ್ಲಿದ್ದಾರೆ, ಪೀಣ್ಯ, ಬೊಮ್ಮಸಂದ್ರ, ಚಿಕ್ಕಪೇಟೆಯಲ್ಲಿ ಅದನ್ನು ದಿನಾ ಬಳಸುವವರೂ ಇದ್ದಾರೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಲೇಯರ್’ ಅನ್ನುವ ಮಾತಿಗೆ ಈ ಕ್ಷೇತ್ರದಲ್ಲಿ ಎರಡು ಅರ್ಥ ಇದೆ. ಜರ್ಮನಿಯ ಸ್ಯಾಪ್ ಕಂಪನಿ 1992ರಲ್ಲಿ ಆರ್/3 ಅನ್ನುವ, ಕಂಪನಿಗಳ ಲೆಕ್ಕಪತ್ರ, ಸ್ಟಾಕ್, ಮಾರಾಟ ನೋಡಿಕೊಳ್ಳುವ ಸಾಫ್ಟ್‌ವೇರ್ ತಂದಾಗ ಕೆಲಸವನ್ನು ಮೂರು ಭಾಗ ಮಾಡಿತು. ಬಳಕೆದಾರರು ನೋಡುವ ಸ್ಕ್ರೀನ್ ಒಂದು, ಲೆಕ್ಕಾಚಾರ ನಡೆಯುವ ಅಪ್ಲಿಕೇಶನ್ ಸರ್ವರ್ ಇನ್ನೊಂದು, ಮಾಹಿತಿ ಇಡುವ ಡೇಟಾಬೇಸ್ ಮತ್ತೊಂದು. ಕಾಲೇಜಿನಲ್ಲಿ ‘ತ್ರೀ-ಟಿಯರ್’ ಅಂತ ಪಾಠ ಮಾಡುವುದು ಇದನ್ನೇ. ಇದು ಯಂತ್ರಗಳ ನಡುವಿನ ಹಂಚಿಕೆ. ನಾನು ಹೇಳುತ್ತಿರುವುದು ಇನ್ನೊಂದು ಬಗೆಯ ಪದರ. ಒಂದೇ ಸಾಫ್ಟ್‌ವೇರ್ ಸಾವಿರಾರು ಕಂಪನಿಗಳಿಗೆ ಹೋಗುತ್ತದೆ. ಅದರಲ್ಲಿ ತಯಾರಕರು ಬರೆದದ್ದು ಎಷ್ಟು, ದೇಶದ ಕಾನೂನಿಗಾಗಿ ಸೇರಿಸಿದ್ದು ಎಷ್ಟು, ಇನ್‌ಸ್ಟಾಲ್ ಮಾಡಿಕೊಟ್ಟ ಪಾರ್ಟ್‌ನರ್ ಬದಲಿಸಿದ್ದು ಎಷ್ಟು, ಗ್ರಾಹಕರು ತಾವೇ ಹೊಂದಿಸಿಕೊಂಡದ್ದು ಎಷ್ಟು ಅನ್ನುವ ಹಂಚಿಕೆ. ಇದು ಮನುಷ್ಯರ ನಡುವಿನದು.

ಈ ವಿಚಾರವನ್ನು ತೀರಾ ಸ್ಪಷ್ಟವಾಗಿ ಕಟ್ಟಿದ ಉದಾಹರಣೆ ಡೆನ್ಮಾರ್ಕ್‌ನ ಆಕ್ಸಾಪ್ಟಾ. 1998ರಲ್ಲಿ ಬಂದ ಈ ಸಾಫ್ಟ್‌ವೇರ್ 2002ರಲ್ಲಿ ಮೈಕ್ರೋಸಾಫ್ಟ್ ಕೈಗೆ ಹೋಗಿ, ಆಮೇಲೆ ಡೈನಾಮಿಕ್ಸ್ ಎಎಕ್ಸ್ ಆಯಿತು. ಎಎಕ್ಸ್ 2012ರಲ್ಲಿ ಒಟ್ಟು 16 ಲೇಯರ್ ಇದ್ದವು. ಎಂಟು ಮುಖ್ಯ ಲೇಯರ್, ಪ್ರತಿಯೊಂದಕ್ಕೂ ತಿದ್ದುಪಡಿಗಳಿಗಾಗಿ ಒಂದು ಪ್ಯಾಚ್ ಲೇಯರ್. ಎಲ್ಲಕ್ಕಿಂತ ಕೆಳಗೆ ‘ಸಿಸ್’, ಅಂದರೆ ಮೂಲ ತಯಾರಕರದ್ದು. ಮೇಲಕ್ಕೆ ಹೋದಂತೆ ‘ಐಎಸ್‌ವಿ’, ಒಂದೊಂದು ಉದ್ಯಮಕ್ಕೆ ಬೇಕಾದ್ದನ್ನು ಮಾಡಿ ಮಾರುವವರದ್ದು. ಅದರ ಮೇಲೆ ‘ವಾರ್’, ಊರಲ್ಲಿ ಮಾರಿ ಇನ್‌ಸ್ಟಾಲ್ ಮಾಡಿಕೊಡುವ ಪಾರ್ಟ್‌ನರ್‌ದು. ಆಮೇಲೆ ‘ಕಸ್’, ಗ್ರಾಹಕ ಕಂಪನಿಯದ್ದು. ತುದಿಯಲ್ಲಿ ‘ಯುಎಸ್‌ಆರ್’, ಬಳಕೆದಾರರದ್ದು. ಬಟರ್ ಪೇಪರ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಇದು. ಮೇಲಿನ ಹಾಳೆಯಲ್ಲಿ ಏನಾದರೂ ಬರೆದಿದ್ದರೆ ಅದು ಕಾಣುತ್ತದೆ, ಖಾಲಿ ಇದ್ದರೆ ಕೆಳಗಿನದು ಕಾಣುತ್ತದೆ. ಕೆಳಗಿನದನ್ನು ಯಾರೂ ಅಳಿಸುವುದಿಲ್ಲ, ಮುಚ್ಚುತ್ತಾರೆ ಅಷ್ಟೇ.

ಸ್ಯಾಪ್‌ನಲ್ಲಿ ಇದೇ ಕೆಲಸವನ್ನು ಹೆಸರಿನ ಮೊದಲ ಅಕ್ಷರ ಮಾಡುತ್ತದೆ. ಗ್ರಾಹಕರು ಹೊಸದಾಗಿ ಬರೆದ ಪ್ರೋಗ್ರಾಂ, ಟೇಬಲ್‌ಗಳ ಹೆಸರು ಜೆಡ್ ಅಥವಾ ವೈ ಅಕ್ಷರದಿಂದ ಶುರುವಾಗಬೇಕು. ಸ್ಯಾಪ್ ತನ್ನದಕ್ಕೆ ಆ ಹೆಸರು ಇಡುವುದಿಲ್ಲ. ಹಾಗಾಗಿ ಹೊಸ ವರ್ಷನ್ ಬಂದರೂ ನಿಮ್ಮದು ಅಳಿಸಿಹೋಗುವುದಿಲ್ಲ. ಬೆಂಗಳೂರಿನ ಕನ್ಸಲ್ಟೆಂಟ್‌ಗಳ ಬಾಯಲ್ಲಿ ‘ಇದಕ್ಕೊಂದು ಜೆಡ್ ಪ್ರೋಗ್ರಾಂ ಮಾಡಿಬಿಡೋಣ’ ಅನ್ನುವ ಮಾತು ಬರುವುದು ಇಲ್ಲಿಂದ.

ತೊಂದರೆ ಶುರುವಾಗುವುದು ಜೆಡ್‌ನಿಂದ ಅಲ್ಲ. ಸ್ಯಾಪ್‌ನದೇ ಪ್ರೋಗ್ರಾಂ ತೆರೆದು ಅದರೊಳಗೆ ಕೈ ಹಾಕಿದಾಗ. ಅದಕ್ಕೆ ಹಿಂದೆ ಕಂಪನಿಯಿಂದ ಪ್ರತ್ಯೇಕ ಆಕ್ಸೆಸ್ ಕೀ ತೆಗೆದುಕೊಳ್ಳಬೇಕಿತ್ತು. ಆದರೂ ಜನ ತೆಗೆದುಕೊಂಡು ಮಾಡುತ್ತಿದ್ದರು. ಮುಂದೆ ಅಪ್‌ಗ್ರೇಡ್ ಮಾಡುವಾಗ ‘ಎಸ್‌ಪಿಎಯು’ ಅನ್ನುವ ಸ್ಕ್ರೀನ್‌ನಲ್ಲಿ ಒಂದು ಪಟ್ಟಿ ಬರುತ್ತದೆ. ನೀವು ಬದಲಿಸಿದ್ದು ಇದು, ಹೊಸ ವರ್ಷನ್‌ನಲ್ಲಿ ಸ್ಯಾಪ್ ಬದಲಿಸಿದ್ದು ಇದು, ಯಾವುದನ್ನು ಇಟ್ಟುಕೊಳ್ಳುತ್ತೀರಿ ಅಂತ ಅದು ಒಂದೊಂದಕ್ಕೂ ಕೇಳುತ್ತದೆ. ಪಟ್ಟಿಯಲ್ಲಿ ಹತ್ತು ಸಾಲು ಇದ್ದರೆ ಸರಿ. ನೂರಾರು ಸಾಲು ಇದ್ದು, ಆ ಬದಲಾವಣೆ ಮಾಡಿದವರು ಕೆಲಸ ಬಿಟ್ಟು ಹೋಗಿದ್ದರೆ? ಯಾಕೆ ಮಾಡಿದ್ದರು ಅಂತ ಹೇಳುವವರೇ ಇಲ್ಲ. ತೆಗೆದರೆ ಏನು ನಿಂತುಹೋಗುತ್ತದೋ ಅನ್ನುವ ಭಯ. ಬಿಟ್ಟರೆ ಹೊಸದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಭಯ. ಎಷ್ಟೋ ಕಂಪನಿಗಳು ಅಪ್‌ಗ್ರೇಡನ್ನು ವರ್ಷಗಟ್ಟಲೆ ಮುಂದೂಡುವುದು ಇದಕ್ಕೇ.

ಪದರಗಳು ಸರಿಯಾಗಿದ್ದರೆ ಏನು ಲಾಭ ಅಂತ ನೋಡಲು 2025ರ ಸೆಪ್ಟೆಂಬರ್ 22ಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಜಿಎಸ್‌ಟಿ ಮಂಡಳಿ ಸೆಪ್ಟೆಂಬರ್ 3ರಂದು ನಿರ್ಧಾರ ಪ್ರಕಟಿಸಿತು. ಮೂರು ವಾರವೂ ಪೂರ್ತಿ ಆಗುವ ಮೊದಲೇ ಹೊಸ ದರ ಜಾರಿಗೆ ಬಂತು. 12 ಮತ್ತು 28ರ ಸ್ಲ್ಯಾಬ್‌ಗಳು ಬಹುಮಟ್ಟಿಗೆ ಹೋಗಿ 5, 18, ಕೆಲವಕ್ಕೆ 40 ಉಳಿದವು. ಸೋಪು, ಶಾಂಪೂ 18ರಿಂದ 5ಕ್ಕೆ ಇಳಿದವು. ಸಿಮೆಂಟ್ 28ರಿಂದ 18ಕ್ಕೆ. ವಾಹನದ ಬಿಡಿಭಾಗಗಳೂ 18ಕ್ಕೆ ಬಂದವು.

ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಘಟಕವನ್ನು ಕಲ್ಪಿಸಿಕೊಳ್ಳಿ. ಅವರ ಒಂದು ಇನ್‌ವಾಯ್ಸ್ ಸಾಲು ಹೇಗೆ ಹುಟ್ಟುತ್ತದೆ ಅಂತ ನಿಧಾನಕ್ಕೆ ನೋಡೋಣ. ಸ್ಯಾಪ್‌ನಂಥ ಸಾಫ್ಟ್‌ವೇರ್ ಬೆಲೆ ಹುಡುಕುವಾಗ ಒಂದು ಕ್ರಮ ಹಿಡಿಯುತ್ತದೆ. ‘ಆಕ್ಸೆಸ್ ಸೀಕ್ವೆನ್ಸ್’ ಅನ್ನುತ್ತಾರೆ. ಈ ಗ್ರಾಹಕರಿಗೆ ಈ ಐಟಂಗೆ ಅಂತಲೇ ಮಾತಾಡಿದ ಬೆಲೆ ಇದೆಯಾ? ಇಲ್ಲದಿದ್ದರೆ ಅವರು ಸೇರಿದ ಪ್ರೈಸ್ ಲಿಸ್ಟ್‌ನಲ್ಲಿ ಇದೆಯಾ? ಅಲ್ಲೂ ಇಲ್ಲದಿದ್ದರೆ ಐಟಂನ ಸಾಮಾನ್ಯ ಬೆಲೆ ಎಷ್ಟು? ತೀರಾ ನಿರ್ದಿಷ್ಟವಾದದ್ದರಿಂದ ಶುರು ಮಾಡಿ ಸಾಮಾನ್ಯವಾದದ್ದಕ್ಕೆ ಇಳಿಯುತ್ತದೆ. ಸಿಕ್ಕ ಕೂಡಲೇ ನಿಲ್ಲುತ್ತದೆ. ತೆರಿಗೆ ದರವನ್ನೂ ಹೀಗೇ ರೆಕಾರ್ಡ್‌ಗಳಲ್ಲಿ ಹುಡುಕುತ್ತದೆ. ಒಂದೊಂದು ರೆಕಾರ್ಡ್‌ಗೂ ‘ಯಾವತ್ತಿನಿಂದ, ಯಾವತ್ತಿನವರೆಗೆ’ ಅನ್ನುವ ಎರಡು ತಾರೀಕು ಇರುತ್ತದೆ.

ಆ ಎರಡು ತಾರೀಕು ಎಷ್ಟು ಮುಖ್ಯ ಅಂತ ಗೊತ್ತಾಗಿದ್ದು ಸೆಪ್ಟೆಂಬರ್ 22ರಂದು. ದರ ಬದಲಾದಾಗ ಯಾವ ದರ ಹಿಡಿಯಬೇಕು ಅಂತ ಸಿಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಮಾಲು ಕಳಿಸಿದ್ದು, ಇನ್‌ವಾಯ್ಸ್ ಹಾಕಿದ್ದು, ಹಣ ಬಂದದ್ದು, ಈ ಮೂರರಲ್ಲಿ ಕನಿಷ್ಠ ಎರಡು, ದರ ಬದಲಾದ ದಿನದ ಯಾವ ಕಡೆಗೆ (ಮೊದಲಿಗೋ, ಆಮೇಲಿಗೋ) ಬೀಳುತ್ತವೋ ಆ ಕಡೆಯ ದರ ಅನ್ನುವುದು ಅದರ ಸಾರ. ಜೊತೆಗೆ, ಆಗಸ್ಟ್‌ನಲ್ಲಿ 28ರ ದರದಲ್ಲಿ ಮಾರಿದ ಮಾಲು ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ 28ರಲ್ಲೇ ಆಗಬೇಕು. ಅಂದರೆ ಹಳೆಯ ದರ ಸತ್ತಿಲ್ಲ, ಇನ್ನೂ ತಿಂಗಳುಗಟ್ಟಲೆ ಬೇಕು. ದರವನ್ನು ತಾರೀಕಿನ ಜೊತೆ ಡೇಟಾ ಪದರದಲ್ಲಿ ಇಟ್ಟವರು ಹಳೆಯ ರೆಕಾರ್ಡನ್ನು ಸೆಪ್ಟೆಂಬರ್ 21ಕ್ಕೆ ಮುಗಿಸಿ, 22ರಿಂದ ಹೊಸದೊಂದು ಹಾಕಿದರೆ ಆಯಿತು. ಹಳೆಯ ನಂಬರ್ ಮೇಲೆ ಹೊಸದನ್ನು ಬರೆದವರಿಗೆ ವಾಪಸ್ ಬಂದ ಮಾಲಿನ ಲೆಕ್ಕ ತಪ್ಪಿತು. ಇನ್‌ವಾಯ್ಸ್ ಪ್ರಿಂಟ್ ಮಾಡುವ ಫಾರ್ಮ್ಯಾಟ್ ಒಳಗೇ ‘14% + 14%’ (ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ) ಅಂತ ಹಾರ್ಡ್‌ಕೋಡ್ ಮಾಡಿದ್ದವರ, ಅಂದರೆ ನಂಬರನ್ನು ನೇರವಾಗಿ ಬರೆದಿಟ್ಟವರ ಕಥೆ ಇನ್ನೂ ಕಷ್ಟ. ಲೆಕ್ಕ 18ರಲ್ಲಿ ಸರಿಯಾಗಿದ್ದರೂ ಕಾಗದದ ಮೇಲೆ 28 ಅಚ್ಚಾಗುತ್ತದೆ. ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋದದ್ದು ಒಂದು, ಗ್ರಾಹಕರ ಕೈಗೆ ಹೋದದ್ದು ಇನ್ನೊಂದು.

ಇದನ್ನೆಲ್ಲಾ ದೊಡ್ಡ ಕಂಪನಿಗಳ ಮಾತು ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲೂ ಇದೇ ವಿಚಾರ ಇದೆ. 1986ರಲ್ಲಿ ಶುರುವಾದ ಈ ಕಂಪನಿಯ ಸಾಫ್ಟ್‌ವೇರ್ ಚಿಕ್ಕಪೇಟೆಯ ಬಟ್ಟೆ ಅಂಗಡಿಯಿಂದ ಹಿಡಿದು ಎಲ್ಲಾ ಕಡೆ ಇದೆ. ಟ್ಯಾಲಿಯ ಸ್ಕ್ರೀನ್‌ಗಳು, ರಿಪೋರ್ಟ್‌ಗಳು ಟಿಡಿಎಲ್ ಅನ್ನುವ ಅದರದೇ ಭಾಷೆಯಲ್ಲಿ ಬರೆದವು. ಹೊರಗಿನವರೂ ಅದೇ ಭಾಷೆಯಲ್ಲಿ ಸಣ್ಣ ಫೈಲ್ ಬರೆದು ಸೇರಿಸಬಹುದು. ಇರುವ ಫಾರ್ಮ್‌ನ ಹೆಸರಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ, ‘ಇದು ಹೊಸದಲ್ಲ, ಇರುವುದಕ್ಕೆ ನನ್ನ ತಿದ್ದುಪಡಿ’ ಅಂತ ಅರ್ಥ. ಮೂಲ ಫೈಲ್ ಮುಟ್ಟುವುದಿಲ್ಲ. ಬಿಲ್‌ನಲ್ಲಿ ಥಾನಿನ ನಂಬರ್ ಬರಬೇಕು ಅಂತ ಅಂಗಡಿಯವರು ಕೇಳಿದರೆ, ಅಕೌಂಟೆಂಟ್ ಪರಿಚಯದ ಡೆವಲಪರ್ ಒಬ್ಬರು ಟಿಸಿಪಿ ಫೈಲ್ (ಟಿಡಿಎಲ್‌ನಲ್ಲಿ ಬರೆದದ್ದರ ಸಿದ್ಧ ರೂಪ) ಮಾಡಿ ಕೊಡುತ್ತಾರೆ. ಬೇಡ ಅಂದರೆ ಆ ಫೈಲ್ ತೆಗೆದರಾಯಿತು, ಟ್ಯಾಲಿ ಮೊದಲಿನಂತೆ ಆಗುತ್ತದೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು ಅಲ್ವಾ?

ಮುಂಬೈಯಲ್ಲಿ ಹುಟ್ಟಿದ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ವ್ಯವಹಾರ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್‌ನಲ್ಲೂ ಹೀಗೇ. ಹೊಸ ಫೀಲ್ಡ್ ಸೇರಿಸಿದರೆ ಅದು ಮೂಲ ಫಾರ್ಮ್‌ನ ವ್ಯಾಖ್ಯಾನದಲ್ಲಿ ಸೇರುವುದಿಲ್ಲ, ಪ್ರತ್ಯೇಕ ದಾಖಲೆಯಾಗಿ ಉಳಿಯುತ್ತದೆ. ಅವರು 14ನೇ ವರ್ಷನ್‌ನಲ್ಲಿ ಭಾರತದ ಜಿಎಸ್‌ಟಿ ಭಾಗವನ್ನೇ ಮೂಲದಿಂದ ಹೊರತೆಗೆದು ಬೇರೆ ಆ್ಯಪ್ ಮಾಡಿದರು. ನನಗೆ ಇದು ತುಂಬಾ ಸರಿಯಾದ ನಡೆ ಅನ್ನಿಸುತ್ತದೆ. ನಮ್ಮ ತೆರಿಗೆ ಕಾನೂನಿನ ವೇಗವೇ ಬೇರೆ, ಸ್ಟಾಕ್ ಲೆಕ್ಕದ ವೇಗವೇ ಬೇರೆ. ಎರಡನ್ನೂ ಒಂದೇ ಬಿಡುಗಡೆಗೆ ಕಟ್ಟಿಹಾಕಬಾರದು.

ಎಲ್ಲವನ್ನೂ ಗ್ರಾಹಕರ ಕೈಗೆ ಕೊಡುವುದು ಒಳ್ಳೆಯದು ಅಂತಲೂ ಅಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು. ಯಾರು ಯಾವ ಎಂಟ್ರಿ ಯಾವಾಗ ತಿದ್ದಿದರು ಅನ್ನುವ ದಾಖಲೆ ಅದು. ಅದನ್ನು ಆಫ್ ಮಾಡಲು ಬರಬಾರದು ಅಂತ ನಿಯಮ ಹೇಳುತ್ತದೆ, ಆಡಿಟರ್ ಅದರ ಬಗ್ಗೆ ವರದಿಯಲ್ಲಿ ಬರೆಯಬೇಕು. ಇದನ್ನು ಗ್ರಾಹಕರ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಗುರುತಾಗಿ ಇಟ್ಟರೆ ಕಾನೂನಿನ ಉದ್ದೇಶವೇ ಹೋಯಿತು. ಅದು ಕೆಳಗಿನ, ಗ್ರಾಹಕರ ಕೈಗೆ ಎಟುಕದ ಪದರದಲ್ಲೇ ಇರಬೇಕು. ಯಾವುದನ್ನು ಬದಲಿಸಲು ಬಿಡಬೇಕು ಅನ್ನುವಷ್ಟೇ ಮುಖ್ಯ, ಯಾವುದನ್ನು ಬಿಡಬಾರದು ಅನ್ನುವುದು.

ಕಳೆದ ಹತ್ತು ವರ್ಷದಲ್ಲಿ ಇಡೀ ಉದ್ಯಮ ಈ ಬಿಡಬಾರದು ಅನ್ನುವ ಕಡೆಗೆ ವಾಲಿದೆ. ಕಾರಣ ಕ್ಲೌಡ್, ಅಂದರೆ ಸಾಫ್ಟ್‌ವೇರ್ ತಯಾರಕರ ಕಡೆಯ ಸರ್ವರ್‌ನಲ್ಲೇ ಓಡುವ ಪದ್ಧತಿ. ಒಂದೇ ಕೋಡ್ ಮೇಲೆ ಸಾವಿರಾರು ಗ್ರಾಹಕರು ಕೂತಿರುವಾಗ ಒಬ್ಬರಿಗಾಗಿ ಮೂಲ ಬದಲಿಸಲು ಆಗುವುದಿಲ್ಲ. 1999ರಲ್ಲಿ ಶುರುವಾದ, ಗ್ರಾಹಕರ ಸಂಪರ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಕೊಡುವ ಸೇಲ್ಸ್‌ಫೋರ್ಸ್ ಮೊದಲಿನಿಂದಲೂ ಹೀಗೆ. ವರ್ಷಕ್ಕೆ ಮೂರು ಸಲ ಎಲ್ಲರಿಗೂ ಹೊಸ ವರ್ಷನ್ ಬರುತ್ತದೆ, ಬೇಡ ಅನ್ನುವ ಹಾಗಿಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ಆ ಹಳೆಯ ಹಾಳೆಗಳ ಪದ್ಧತಿಯನ್ನೇ ನಿಲ್ಲಿಸಿತು. ಡೈನಾಮಿಕ್ಸ್‌ನ ಮೂಲ ಕೋಡ್‌ಗೆ ಸೀಲ್ ಹಾಕಿ, ಪಕ್ಕದಲ್ಲಿ ‘ಎಕ್ಸ್‌ಟೆನ್ಶನ್’ ಬರೆಯಿರಿ ಅಂದಿತು. ಸ್ಯಾಪ್ ಇದೇ ಮಾತನ್ನು ‘ಕ್ಲೀನ್ ಕೋರ್’, ಅಂದರೆ ಮುಟ್ಟದ ಮೂಲ ಅನ್ನುತ್ತದೆ.

ಮೂಲವನ್ನು ಮುಟ್ಟಬಾರದು ಅನ್ನುವುದು ಸರಿ. ಆದರೆ ಅದಕ್ಕೊಂದು ಬೆಲೆ ಇದೆ, ಮಾರುವವರು ಅದನ್ನು ಜಾಸ್ತಿ ಹೇಳುವುದಿಲ್ಲ. ಸಾಫ್ಟ್‌ವೇರ್ ಬದಲಾಗದಿದ್ದರೆ ಕಂಪನಿ ಬದಲಾಗಬೇಕು. ಕೆಲವೊಮ್ಮೆ ಅದು ಸಾಧ್ಯವಾಗುವುದಿಲ್ಲ. ಜರ್ಮನಿಯ ಲಿಡ್ಲ್ ಸೂಪರ್‌ಮಾರ್ಕೆಟ್ ಕಂಪನಿ 2011ರಲ್ಲಿ ಶುರು ಮಾಡಿದ ಸ್ಯಾಪ್ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಆಗ ವರದಿಯಾಯಿತು. ಲಿಡ್ಲ್ ತನ್ನ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು. ಸ್ಯಾಪ್‌ನ ರಿಟೇಲ್ ಸಾಫ್ಟ್‌ವೇರ್ ಮಾರುವ ಬೆಲೆಯ ಲೆಕ್ಕದ ಮೇಲೆ ನಿಂತಿತ್ತು. ಕಂಪನಿ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬಗ್ಗಿಸಲು ಹೊರಟಿತು ಅನ್ನುವುದು ವರದಿಗಳಲ್ಲಿ ಬಂದ ಮುಖ್ಯ ಕಾರಣ. ಇದು ದರ ಬದಲಿಸಿದ ಹಾಗಲ್ಲ. ಬುಡದಲ್ಲೇ ಇರುವ ಒಂದು ಊಹೆಯನ್ನು ಮೇಲಿನ ಪದರದಿಂದ ಬದಲಿಸಲು ಹೋದದ್ದು.

ಇನ್ನೊಂದು ತಪ್ಪು ಇದರ ವಿರುದ್ಧ ದಿಕ್ಕಿನದು. ಎಲ್ಲವನ್ನೂ ಕಾನ್ಫಿಗರ್ ಮಾಡಬಹುದು ಅನ್ನುವ ಸಾಫ್ಟ್‌ವೇರ್. ಪ್ರತಿಯೊಂದು ‘ಇದು ಬದಲಾದರೆ?’ಗೂ ಒಂದು ಸ್ವಿಚ್. ಹತ್ತು ಸ್ವಿಚ್ ಇದ್ದರೆ ಜೋಡಿಸುವ ರೀತಿ 1,024. ಅಷ್ಟನ್ನೂ ಯಾರೂ ಟೆಸ್ಟ್ ಮಾಡುವುದಿಲ್ಲ. ಕೋಡ್ ಬರೆದರೆ ಇನ್ನೊಬ್ಬರು ಓದಿ ನೋಡುತ್ತಾರೆ, ಟೆಸ್ಟ್ ಆಗುತ್ತದೆ, ಹಳೆಯ ಪ್ರತಿ ಉಳಿದಿರುತ್ತದೆ. ಕಾನ್ಫಿಗರೇಶನ್ ಅಂದ ಕೂಡಲೇ ‘ಬರೀ ಸೆಟ್ಟಿಂಗ್ ತಾನೇ’ ಅಂತ ನೇರ ಲೈವ್ ಸಿಸ್ಟಂನಲ್ಲಿ ಬದಲಿಸುತ್ತಾರೆ. ಆದರೆ ಸಂಬಳದ ಲೆಕ್ಕದ ಸೂತ್ರವನ್ನೇ ಟೇಬಲ್‌ನಲ್ಲಿ ಇಟ್ಟರೆ ಅದೂ ಕೋಡೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳನ್ನು ತೆಗೆದುಕೊಳ್ಳಿ. ವೇತನದಲ್ಲಿ ಸೇರದ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಇದನ್ನು ಸೂತ್ರವಾಗಿ ಬರೆಯುವಾಗ ಒಂದು ಆವರಣ ಚಿಹ್ನೆ ತಪ್ಪಿದರೆ ಗ್ರಾಚ್ಯುಟಿವರೆಗೆ ತಪ್ಪು ಹರಿಯುತ್ತದೆ. ಅದನ್ನು ಸುಮ್ನೆ ಸೆಟ್ಟಿಂಗ್ ಅನ್ನಲು ನನಗೆ ಮನಸ್ಸಾಗುವುದಿಲ್ಲ.

ಪದರ ಜಾಸ್ತಿಯಾದಷ್ಟೂ ತಪ್ಪು ಹುಡುಕುವುದೂ ಕಷ್ಟ. ಬಿಲ್‌ನಲ್ಲಿ 2 ಪರ್ಸೆಂಟ್ ಡಿಸ್ಕೌಂಟ್ ಬಂತು. ಎಲ್ಲಿಂದ? ಗ್ರಾಹಕರ ಮಾಸ್ಟರ್‌ನಿಂದಲೋ (ಅವರ ಮೂಲ ವಿವರಗಳ ದಾಖಲೆ), ಪ್ರೈಸ್ ಲಿಸ್ಟ್‌ನಿಂದಲೋ, ಪಾರ್ಟ್‌ನರ್ ಬರೆದ ಎಕ್ಸ್‌ಟೆನ್ಶನ್‌ನಿಂದಲೋ? ಒಳ್ಳೆಯ ಸಾಫ್ಟ್‌ವೇರ್ ಇದಕ್ಕೆ ಉತ್ತರ ತೋರಿಸುತ್ತದೆ. ಸ್ಯಾಪ್‌ನ ಬೆಲೆ ಸ್ಕ್ರೀನ್‌ನಲ್ಲಿ ‘ಅನಾಲಿಸಿಸ್’ ಬಟನ್ ಒತ್ತಿದರೆ ಯಾವ ಹಂತದಲ್ಲಿ ಹುಡುಕಿತು, ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಅಂತ ಸಾಲಾಗಿ ಬರುತ್ತದೆ. ಹೊಸ ಸಾಫ್ಟ್‌ವೇರ್ ಕೊಳ್ಳುವವರು ಡೆಮೊದಲ್ಲಿ ಕಲರ್ ಕಲರ್ ಡ್ಯಾಶ್‌ಬೋರ್ಡ್ ನೋಡುವ ಬದಲು ಇಂಥದ್ದೊಂದು ಸ್ಕ್ರೀನ್ ತೋರಿಸಿ ಅಂತ ಕೇಳಬೇಕು.

ಈಗ ಗಡುವಿನ ಮಾತು. ಆರ್/3ರ ನಂತರ ಬಂದ ಸ್ಯಾಪ್‌ನ ಹಳೆಯ ಇಸಿಸಿ 6.0ಗೆ, ಅದರ ಕೊನೆಯ ಎನ್‌ಹ್ಯಾನ್ಸ್‌ಮೆಂಟ್ ಪ್ಯಾಕೇಜ್‌ಗಳನ್ನು (ಹೊಸ ಸೌಲಭ್ಯ ಸೇರಿಸುವ ಕಂತುಗಳು) ಹಾಕಿಕೊಂಡವರಿಗೆ, ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಹೆಚ್ಚು ಹಣ ಕೊಟ್ಟರೆ 2030ರ ಕೊನೆವರೆಗೆ. ಆಮೇಲೆ 2015ರಲ್ಲಿ ಬಂದ ಎಸ್/4 ಹಾನಾಗೆ ಹೋಗಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು. ಜಗತ್ತಿನ ಎಷ್ಟೋ ಕಂಪನಿಗಳ ಈ ವಲಸೆಯ ಕೆಲಸ ಔಟರ್ ರಿಂಗ್ ರೋಡಿನ ಆಫೀಸುಗಳಲ್ಲಿ ನಡೆಯುತ್ತಿದೆ. ಹಳೆಯ ಜೆಡ್ ಪ್ರೋಗ್ರಾಂಗಳನ್ನು ಒಂದೊಂದಾಗಿ ತೆರೆದು, ಇದು ಬೇಕಾ, ಸ್ಟ್ಯಾಂಡರ್ಡ್‌ನಲ್ಲೇ ಸಿಗುತ್ತದಾ, ಎಕ್ಸ್‌ಟೆನ್ಶನ್ ಆಗಿ ಮತ್ತೆ ಬರೆಯಬೇಕಾ ಅಂತ ನಿರ್ಧರಿಸುವುದೇ ಅಲ್ಲಿನ ದೊಡ್ಡ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯಾವ ಪ್ರೋಗ್ರಾಂ ನಿಜಕ್ಕೂ ಓಡುತ್ತಿದೆ ಅಂತ ಲೆಕ್ಕ ಇಡುವ ಟೂಲ್ ಸ್ಯಾಪ್‌ನಲ್ಲೇ ಇದೆ. ಅದನ್ನು ಮೂರು ತಿಂಗಳು ಓಡಿಸಿ, ಬಳಕೆಯಾಗದ್ದನ್ನೆಲ್ಲಾ ಅಳಿಸಿಬಿಡೋಣ ಅನ್ನುವ ಆತುರ ಬೇಡ. ವರ್ಷಕ್ಕೊಮ್ಮೆ ಮಾರ್ಚ್ ಕೊನೆಗೆ ಮಾತ್ರ ಓಡುವ ಪ್ರೋಗ್ರಾಂಗಳಿವೆ, ಬೋನಸ್ ಸಮಯದಲ್ಲಿ ಮಾತ್ರ ಓಡುವವೂ ಇವೆ. ಕನಿಷ್ಠ ಒಂದು ಪೂರ್ತಿ ಹಣಕಾಸು ವರ್ಷ ನೋಡಬೇಕು. 2027ಕ್ಕೆ ಹೋಗಬೇಕು ಅನ್ನುವವರು ಆ ಲೆಕ್ಕ ಇಡುವುದನ್ನು ಇವತ್ತೇ ಶುರು ಮಾಡಬೇಕಾದ್ದು ಇದಕ್ಕೆ.

ಹೊಸದಾಗಿ ಕರಾರು ಮಾಡಿಕೊಳ್ಳುವ ಸಣ್ಣ ಕಂಪನಿಗಳಿಗೆ ನನ್ನ ಕಳಕಳಿಯ ಮಾತು ಇದು. ಪಾರ್ಟ್‌ನರ್ ‘ಎಲ್ಲಾ ಮಾಡಿಕೊಡ್ತೀವಿ’ ಅಂದಾಗ, ಯಾವ ಪದರದಲ್ಲಿ ಮಾಡಿಕೊಡ್ತೀರಿ ಅಂತ ಕೇಳಿ. ಗೋ-ಲೈವ್ ಆದ ದಿನ, ಅಂದರೆ ಸಾಫ್ಟ್‌ವೇರ್ ನಿಜವಾದ ಕೆಲಸಕ್ಕೆ ಇಳಿದ ದಿನ, ಒಂದು ಪಟ್ಟಿ ನಿಮ್ಮ ಕೈಗೆ ಬರಬೇಕು. ಏನನ್ನು ಬದಲಿಸಿದರು, ಎಲ್ಲಿ ಬದಲಿಸಿದರು, ಯಾರು ಕೇಳಿದ್ದಕ್ಕೆ, ಯಾವ ಕಾರಣಕ್ಕೆ ಅಂತ. ಕೊನೆಯ ಕಂತಿನ ಹಣವನ್ನು ಆ ಪಟ್ಟಿಗೆ ಕಟ್ಟಿಡಿ. ಕರಾರಿನಲ್ಲಿ ಇದೊಂದು ಸಾಲು ಸೇರಿಸಲು ಯಾವ ಪಾರ್ಟ್‌ನರೂ ಹೆಚ್ಚಿನ ದುಡ್ಡು ಕೇಳಬೇಕಾಗಿಲ್ಲ, ಕೆಲಸ ಮಾಡುವಾಗಲೇ ಬರೆಯುತ್ತಾ ಹೋದರೆ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.